ಕೌದಿ ಮೇಲೆ ಚಾರ್ಜಿಗಿಟ್ಟ ಟಾರ್ಚಿನ ಸೆಲ್ ಸುಡುವಷ್ಟು ಕಾದಿತ್ತು. ತಪ್ಪು ಸೆಲ್ಲಿನದಾ, ಚಾರ್ಜರಿನದಾ?

ಭೀಮಾ ದಂಡೆಯ ಕಬ್ಬು, ಅಫಜಲಪುರ ತಾಲೂಕು:

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ತ್ರೀ ಫೇಸ್ ಕರೆಂಟ್ ಎಷ್ಟೋ ಸಲ ರಾತ್ರಿಯೇ ಬರುತ್ತದೆ. ಅಪ್ಪ ಕಬ್ಬಿಗೆ ನೀರು ತಿರುವಲು ಹೊರಡುವುದು ಹನ್ನೊಂದರ ಮೇಲೆ. ಬದುವಿನಲ್ಲಿ ಹಾವು ಇರುತ್ತವೆ, ಕೈಯಲ್ಲಿ ಒಳ್ಳೆ ಬ್ಯಾಟ್ರಿ ಇರಲೇಬೇಕು. ಟಾರ್ಚಿಗೆ ನಾವು ಬ್ಯಾಟ್ರಿ ಅಂತೀವಿ, ಒಳಗಿನದಕ್ಕೆ ಸೆಲ್.

ಅದರ ಹಳೆ ಸೆಲ್ ಈಗ ಒಂದು ತಾಸೂ ಬಾಳುತ್ತಿರಲಿಲ್ಲ. ಹೋದ ವಾರ ಕಲಬುರಗಿಯಿಂದ ಅದೇ ಅಳತೆಯ ಸೆಲ್ ಮತ್ತು ವೈರ್ ಇರುವ ಚಾರ್ಜರ್ ತಂದೆ. ಎರಡೂ ಸೇರಿ 180 ರೂಪಾಯಿ. ಸೆಲ್ ಮೇಲೆ 18650, 9900 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ) ಅಂತ ಬರೆದಿದೆ. ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡೆ.

ಮೊನ್ನೆ ರಾತ್ರಿ ಅಪ್ಪ ಅದನ್ನು ಚಾರ್ಜಿಗೆ ಹಾಕಿ ಹೊರಸಿನ ಮೇಲೆ, ಕೌದಿ ಮೇಲೇ ಇಟ್ಟಿದ್ದರು. ಮೂರು ಗಂಟೆಗೆ ಅವ್ವ ಎಬ್ಬಿಸಿದಳು. ಏನೋ ಸಿಹಿ ಸಿಹಿ ವಾಸನೆ, ನೇಲ್ ಪಾಲಿಶ್ ಥರ. ಸೆಲ್ ಮುಟ್ಟಲು ಆಗುತ್ತಿರಲಿಲ್ಲ. ಚಾರ್ಜರಿನ ಪ್ಲಾಸ್ಟಿಕ್ ಮೆತ್ತಗಾಗಿ ಕೌದಿಗೆ ಅಂಟಿತ್ತು, ಆದರೂ ಕೆಂಪು ದೀಪ ಹಾಗೇ ಉರಿಯುತ್ತಿತ್ತು. ಅದೇ ಹೊರಸಿನ ತುದಿಯಲ್ಲಿ ನನ್ನ ನಾಲ್ಕು ವರ್ಷದ ಮಗಳು ಮಲಗಿದ್ದಳು. ಆಮೇಲೆ ನನಗೆ ನಿದ್ದೆ ಬರಲಿಲ್ಲ.

ಕೆಟ್ಟದ್ದು ಯಾವುದು? ಹಳೆ ಸೆಲ್ಲಿಗೆ ಇದೇ ಚಾರ್ಜರ್ ಹಾಕಬಹುದಾ?

ಬೀದರ್ ರಿಪೇರಿ ಅಂಗಡಿ:

ಅಣ್ಣಾ, ಮೊದಲು ಆ ಸೆಲ್ ಮನೆಯಿಂದ ಹೊರಗೆ ಇಡಿ. ತಗಡಿನ ಡಬ್ಬಿಯಲ್ಲಿ ಒಣ ಮರಳು ಹಾಕಿ ಅದರಲ್ಲಿಡಿ, ಮುಚ್ಚಳ ಬಿಗಿಯಬೇಡಿ. ವಾಸನೆ ಬಂತು ಅಂದ್ರೆ ಒಳಗಿನ ದ್ರವ ಹೊರಗೆ ಬಂದಿದೆ. ಅದು ಮತ್ತೆ ಚಾರ್ಜಿಗೆ ಹತ್ತಬಾರದು.

ನನಗೆ ಎರಡರ ಮೇಲೂ ಅನುಮಾನ. 18650 ಅಂದ್ರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಅಷ್ಟು ಜಾಗದಲ್ಲಿ ಒಳ್ಳೊಳ್ಳೆ ಕಂಪನಿಗಳೇ ತುಂಬುವುದು 3500 ಎಂಎಎಚ್ ಸುತ್ತಮುತ್ತ. 9900 ಶುದ್ಧ ಸುಳ್ಳು. ತೂಕ ಹಾಕಿಸಿ. ಸರಿಯಾದ ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ.

ಇನ್ನು ಚಾರ್ಜರ್. ಈ ಸೆಲ್ 4.2 ವೋಲ್ಟಿಗೆ ತುಂಬುತ್ತದೆ, ಚಾರ್ಜರ್ ಅಲ್ಲಿಗೆ ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಸೆಲ್ ಕಾಯುತ್ತದೆ. ಕಾದಂತೆ ಒಳಗಿನ ರಾಸಾಯನಿಕ ಒಡೆದು ತಾನೇ ಬಿಸಿ ಹುಟ್ಟಿಸುತ್ತದೆ. ಒಂದು ಹಂತ ದಾಟಿದರೆ ಚಾರ್ಜರ್ ಕಿತ್ತರೂ ಅದು ನಿಲ್ಲುವುದಿಲ್ಲ, ಬೆಂಕಿಯೇ. ಆ ಹೊಗೆಯೂ ವಿಷ. ನಿಮ್ಮ ಅವ್ವನಿಗೆ ಎಚ್ಚರ ಆದದ್ದು ದೊಡ್ಡ ಪುಣ್ಯ.

ಚಾರ್ಜರ್ ಪ್ಲಾಸ್ಟಿಕ್ ಕರಗಿದ್ದರೆ ನೇರ ಎಸೆಯುವ ಲೆಕ್ಕಕ್ಕೆ ಇಡಿ. ಹೊಸದು ತಂದ ಮೇಲೆ ಅದನ್ನೂ ಸುಮ್ನೆ ನಂಬಬೇಡಿ. ಹಗಲಲ್ಲಿ, ಪರ್ಸಿ ಕಲ್ಲಿನ ಮೇಲೆ ಇಟ್ಟು, ಪಕ್ಕದಲ್ಲಿ ಕೂತು ಹಳೆ ಸೆಲ್ ಚಾರ್ಜ್ ಮಾಡಿ. ಅರ್ಧ ತಾಸಿಗೊಮ್ಮೆ ಮಲ್ಟಿಮೀಟರ್ ಹಿಡಿಯಿರಿ. 4.25 ದಾಟಿದರೆ ಕಿತ್ತುಬಿಡಿ.

ಶಹಾಪುರ ಕಾಲುವೆ ಭತ್ತ:

ಬೀದರಿನ ಅಣ್ಣ ಹೇಳಿದ್ದು ಸರಿ. ನನ್ನದೂ ಒಂದು ಸೇರಿಸುತ್ತೇನೆ. ಹೋದ ವರ್ಷ ಬಿಡಿ ಸೆಲ್ ಒಂದನ್ನು ಪ್ಯಾಂಟ್ ಜೇಬಲ್ಲಿ ಹಾಕಿಕೊಂಡು ಬೈಕ್ ಮೇಲೆ ಹೊರಟಿದ್ದೆ. ಅದೇ ಜೇಬಲ್ಲಿ ಮನೆ ಕೀಲಿಗಳು. ಎರಡು ಕಿಲೋಮೀಟರ್ ಹೋಗಿರಲಿಲ್ಲ, ತೊಡೆಗೆ ಕೆಂಡ ಇಟ್ಟ ಹಾಗಾಯಿತು. ಬೈಕ್ ಬಿಟ್ಟು ಜೇಬು ಹರಿದು ಎಸೆದೆ. ಬೊಕ್ಕೆ ಮಾಯಲು ಹದಿನೈದು ದಿನ ಬೇಕಾಯಿತು. ಸೆಲ್ಲಿನ ಇಡೀ ಮೈ ಮೈನಸ್, ಮೇಲಿನ ಗುಂಡಿ ಮಾತ್ರ ಪ್ಲಸ್. ನಡುವೆ ಇರುವುದು ತೆಳ್ಳನೆ ಪ್ಲಾಸ್ಟಿಕ್ ಸಿಪ್ಪೆ. ಗುಂಡಿ ಹತ್ತಿರ ಆ ಸಿಪ್ಪೆ ಹರಿದಿತ್ತು, ಕೀಲಿ ಎರಡನ್ನೂ ಕೂಡಿಸಿತು. ಈಗ ಬಿಡಿ ಸೆಲ್ ಪ್ಲಾಸ್ಟಿಕ್ ಡಬ್ಬಿ ಬಿಟ್ಟು ಹೊರಗೆ ಇಡುವುದೇ ಇಲ್ಲ.

ಎರಡು ಸೆಲ್ ಹಾಕುವ ಬ್ಯಾಟ್ರಿ ಇದ್ದವರು ಹಳೆಯದೊಂದು ಹೊಸದೊಂದು ಕೂಡಿಸಬೇಡಿ. ಸೋತ ಸೆಲ್ ಮೊದಲು ಖಾಲಿಯಾಗುತ್ತದೆ, ಇನ್ನೊಂದು ಅದರೊಳಗೆ ಉಲ್ಟಾ ಕರೆಂಟ್ ತಳ್ಳುತ್ತದೆ.

ಭೀಮಾ ದಂಡೆಯ ಕಬ್ಬು:

ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ಇಟ್ಟೆ. 24 ಗ್ರಾಂ! ಹಳೆಯದು 46. ಇಷ್ಟು ದಿನ ಅಪ್ಪನ ಕೈಯಲ್ಲಿ ಏನು ಕೊಟ್ಟಿದ್ದೆ ಅಂತ ಹೊಟ್ಟೆ ಉರಿಯಿತು.

ಬೇರೆ ಚಾರ್ಜರ್ ತಂದೆ, 350 ಆಯಿತು. ಅಂಗಳದ ಪರ್ಸಿ ಮೇಲೆ ಮಧ್ಯಾಹ್ನ ಪೂರ್ತಿ ಕೂತು ನೋಡಿದೆ. 4.19ಕ್ಕೆ ಹಸಿರು ದೀಪ ಬಂತು. ಅಪ್ಪ ತಾವೇ ಮೀಟರ್ ಹಿಡಿದು ಎರಡು ಸಲ ನೋಡಿದರು. ಹೊಸ ಸೆಲ್ ತರುವಾಗ ಏನು ಕೇಳಲಿ? ಈ 24 ಗ್ರಾಮಿನದನ್ನು ಎಲ್ಲಿ ಬಿಸಾಕಲಿ?

ಬೀದರ್ ರಿಪೇರಿ ಅಂಗಡಿ:

ಪ್ರೊಟೆಕ್ಟೆಡ್ ಸೆಲ್ ಅಂತ ಕೇಳಿ. ತಳದಲ್ಲಿ ಸಣ್ಣ ಸರ್ಕ್ಯೂಟ್ ಇರುತ್ತದೆ, ಶಾರ್ಟ್ ಆದರೆ, ಚಾರ್ಜ್ ಮಿತಿ ಮೀರಿದರೆ ತಾನೇ ಕಡಿಯುತ್ತದೆ. ಮೂರ್ನಾಲ್ಕು ಮಿಲಿಮೀಟರ್ ಉದ್ದ ಜಾಸ್ತಿ, ಹಾಗಾಗಿ ಬ್ಯಾಟ್ರಿ ಜೊತೆಗೇ ಒಯ್ದು ಕೂರಿಸಿ ನೋಡಿ. ಅಂಗಡಿಗೆ ಹೋದಾಗ ತೂಕದ ಲೆಕ್ಕವೂ ನೆನಪಿರಲಿ.

ಹಾಳಾದದ್ದರ ಎರಡೂ ತುದಿಗೆ ಟೇಪ್ ಸುತ್ತಿ. ತಿಪ್ಪೆಗೂ ಬೇಡ, ಕಸದ ಗಾಡಿಗೂ ಬೇಡ. ಗಾಡಿಯಲ್ಲಿ ಜಜ್ಜಿದರೆ ಅಲ್ಲೇ ಹೊತ್ತಿಕೊಳ್ಳುತ್ತದೆ, ಪೌರಕಾರ್ಮಿಕರು ಪಕ್ಕದಲ್ಲೇ ಇರುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರವೂ ಮನೆ ಕಸದಿಂದ ಬೇರೆಯೇ ಕೊಡಬೇಕು. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡುವ ತನಕ ಅದೇ ಮರಳಿನ ಡಬ್ಬಿಯಲ್ಲಿರಲಿ, ಮಗು ಕೈಗೆ ಸಿಗದ ಕಡೆ.