ಹಳೆ ಟ್ರ್ಯಾಕ್ಟರ್: ಮುಂದಿನ ಟೈರ್ ಹೊರಗಡೆ ಸವೆಯುತ್ತಿದೆ, ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿದೆ

ಮಲೇಬೆನ್ನೂರು ರೈತ:
ನಮಸ್ಕಾರ. ನಮ್ಮದು 1996ರ ಗಾಡಿ, 35 ಎಚ್‌ಪಿ, ಪವರ್ ಸ್ಟೇರಿಂಗ್ ಇಲ್ಲ. ಅಪ್ಪ ತಂದಿದ್ದು, ಮಾರಲು ಮನಸ್ಸಿಲ್ಲ. ಹೋದ ಮುಂಗಾರಿಗೆ ಮುಂದೆ ಎರಡೂ ಹೊಸ ಟೈರ್ ಹಾಕಿಸಿದೆ. ಈಗಲೇ ಎರಡರದ್ದೂ ಹೊರಗಿನ ಪಟ್ಟಿ ಬೋಳಾಗಿದೆ, ಒಳಗಿನ ಪಟ್ಟಿ ಇನ್ನೂ ಹೊಸದರ ಹಾಗಿದೆ. ಸ್ಟೇರಿಂಗ್ ಕಾಲು ಸುತ್ತು ತಿರುಗಿಸಿದರೂ ಚಕ್ರ ಅಲುಗುವುದಿಲ್ಲ. ಗದ್ದೆಯಲ್ಲಿ ಹೇಗೋ ನಡೆಯುತ್ತದೆ, ಆದರೆ ಭತ್ತ ತುಂಬಿಕೊಂಡು ದಾವಣಗೆರೆ ಎಪಿಎಂಸಿಗೆ ಹೋಗುವಾಗ ಎಡಕ್ಕೆ ಎಳೆಯುತ್ತದೆ, ಹಿಂದಿನಿಂದ ಲಾರಿ ಹಾರನ್ ಹೊಡೆದರೆ ಎದೆ ಝಲ್ ಎನ್ನುತ್ತದೆ. ಒಂದು ಶೆಡ್‌ನಲ್ಲಿ ತೋರಿಸಿದ್ದೆ. ಕಣ್ಣಳತೆಯಲ್ಲೇ ಟೈ ರಾಡ್ (ಮುಂದಿನ ಎರಡೂ ಚಕ್ರ ಜೋಡಿಸುವ ಸರಳು) ತಿರುಗಿಸಿ ಕೊಟ್ಟರು. ಆಮೇಲೆ ಸವೆತ ಇನ್ನೂ ಜಾಸ್ತಿಯಾಯಿತು. ಎಲ್ಲಿಂದ ಶುರು ಮಾಡಲಿ?

ಹಿರಿಯೂರು ಸ್ಪ್ಯಾನರ್:
ಸದ್ಯಕ್ಕೆ ಟೈ ರಾಡ್ ಮುಟ್ಟಬೇಡಿ. ಮೊದಲು ಲೂಸ್ ಎಲ್ಲಿದೆ ಅಂತ ಹುಡುಕಿ. ಲೂಸ್ ಇಟ್ಟುಕೊಂಡು ಅಳತೆ ಮಾಡಿದರೆ ನಿಂತಾಗ ಒಂದು ಲೆಕ್ಕ, ಓಡುವಾಗ ಇನ್ನೊಂದು ಲೆಕ್ಕ ಬರುತ್ತದೆ.

ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಆಕ್ಸಲ್ ಜಾಕ್ ಎತ್ತಿ, ಕೆಳಗೆ ಗಟ್ಟಿ ಮರದ ದಿಮ್ಮಿ ಇಡಿ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಟೈರನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಹಬ್ (ಚಕ್ರದ ನಡುಭಾಗ) ಮಾತ್ರ ಅಲುಗಿದರೆ ಬೇರಿಂಗ್ ಹೋಗಿದೆ. ಹಬ್ ಜೊತೆ ಅದನ್ನು ಹೊತ್ತ ಸ್ಟಬ್ಬೂ (ಆಕ್ಸಲ್ ತುದಿಯ ಗಿಡ್ಡ ದಂಡ) ಅಲುಗಿದರೆ ಕಿಂಗ್ ಪಿನ್ (ಚಕ್ರ ಎಡ ಬಲ ತಿರುಗಲು ಇರುವ ನಿಂತ ಪಿನ್) ಬುಷ್, ಅಂದರೆ ಆ ಪಿನ್ ಸುತ್ತಿನ ಬಳೆ, ಹೋಗಿದೆ. ಆಮೇಲೆ ಹಿಂದೆ ಮುಂದೆ ಹಿಡಿದು ಅಲುಗಿಸಿ, ಟೈ ರಾಡ್ ಎಂಡ್ (ಅದರ ತುದಿಯ ಕೀಲು) ಮೇಲೆ ಇನ್ನೊಂದು ಕೈ ಇಟ್ಟಿರಿ. ಟಕ್ ಟಕ್ ಅಂತ ಬೆರಳಿಗೇ ಗೊತ್ತಾಗುತ್ತದೆ. ಆಕ್ಸಲ್ ನಡುವಿನ ಸೆಂಟರ್ ಪಿನ್ನಿಗೂ ಹಾರೆ ಕೊಟ್ಟು ಎತ್ತಿ ನೋಡಿ. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಕೊನೆಗೆ ಗಾಡಿ ಇಳಿಸಿ, ಒಬ್ಬರು ಸ್ಟೇರಿಂಗ್ ಆಚೆ ಈಚೆ ಮಾಡಲಿ, ನೀವು ಡ್ರಾಪ್ ಆರ್ಮ್ (ಸ್ಟೇರಿಂಗಿನ ಗೇರ್ ಪೆಟ್ಟಿಗೆಯಿಂದ, ಅಂದರೆ ಬಾಕ್ಸಿನಿಂದ, ಹೊರಬರುವ ತೋಳು) ನೋಡಿ. ಸ್ಟೇರಿಂಗ್ ತಿರುಗಿದರೂ ಆರ್ಮ್ ಸುಮ್ನೆ ನಿಂತಿದ್ದರೆ ಲೂಸ್ ಬಾಕ್ಸ್ ಒಳಗಿದೆ.

ಭದ್ರಾ ನಾಲೆ ಕಡೆಯ ಗಾಡಿ ಅಲ್ವಾ, ಕೇಜ್ ವೀಲ್ (ಕಬ್ಬಿಣದ ಪಂಜರದಂಥ ಚಕ್ರ) ಹಾಕಿ ಕೆಸರು ಹೊಡೆದಾಗ ಮಣ್ಣು ನೀರು ಬುಷ್ ಒಳಗೆ ಹೋಗಿರುತ್ತದೆ. ಆ ದಿನಗಳಲ್ಲಿ ದಿನಾ ಗ್ರೀಸ್ ಹೊಡೆಯಬೇಕು, ಹಳೇ ಕೆಸರು ಆಚೆ ಬರುವ ತನಕ.

ಜಗಳೂರು ಮೆಕ್ಕೆಜೋಳ:
ಟೈರನ್ನು ಅಂಗೈಯಿಂದ ಅಡ್ಡಡ್ಡ ಸವರಿ ನೋಡಿ. ಹೊರಗಿನಿಂದ ಒಳಕ್ಕೆ ಸವರಿದರೆ ನುಣ್ಣಗಿದ್ದು, ಒಳಗಿನಿಂದ ಹೊರಕ್ಕೆ ತಂದಾಗ ಚೂಪಾಗಿ ತಾಕಿದರೆ ಚಕ್ರಗಳ ಮುಂಭಾಗ ಅತಿಯಾಗಿ ಒಳಗೆ ಬಂದಿದೆ ಅಂತ.

ಅಳತೆ ಮಾಡೋದು ಸುಲಭ. ಎರಡೂ ಟೈರಿಗೆ ಒಂದೇ ಗಾಳಿ ಇರಲಿ. ಸಮ ನೆಲದಲ್ಲಿ ಚಕ್ರ ನೇರ ಇಟ್ಟು ಹತ್ತು ಹೆಜ್ಜೆ ಮುಂದೆ ಓಡಿಸಿ ನಿಲ್ಲಿಸಿ. ಎರಡೂ ಟೈರಿನ ಮುಂಭಾಗದಲ್ಲಿ ಹಬ್ ಎತ್ತರಕ್ಕೆ ಸೀಮೆಸುಣ್ಣದ ಗುರುತು ಹಾಕಿ, ನಡುವಿನ ದೂರ ಟೇಪಿನಲ್ಲಿ ಬರೆದುಕೊಳ್ಳಿ. ಗಾಡಿ ಮುಂದಕ್ಕೆ ತಳ್ಳಿ, ಅದೇ ಗುರುತು ಹಿಂಭಾಗದಲ್ಲಿ ಅದೇ ಎತ್ತರಕ್ಕೆ ಬಂದಾಗ ಮತ್ತೆ ಅಳೆಯಿರಿ. ಟೂ ವೀಲ್ ಡ್ರೈವ್ ಗಾಡಿಗಳಿಗೆ (ಎಂಜಿನ್ ಹಿಂದಿನ ಎರಡು ಚಕ್ರ ಮಾತ್ರ ತಿರುಗಿಸುವ ಟ್ರ್ಯಾಕ್ಟರ್) ಸಾಮಾನ್ಯವಾಗಿ ಮುಂದಿನ ಅಳತೆ 3ರಿಂದ 6 ಮಿ.ಮೀ. ಕಮ್ಮಿ ಇರಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ಟೈ ರಾಡ್ ಆಕ್ಸಲ್ ಹಿಂದೆ ಇದ್ದರೆ, ಅದನ್ನು ಉದ್ದ ಮಾಡಿದಷ್ಟೂ ಚಕ್ರದ ಮುಂಭಾಗ ಒಳಕ್ಕೆ ಬರುತ್ತದೆ. ನಿಮ್ಮ ಶೆಡ್‌ನವರು ಹಾಗೇ ಮಾಡಿರಬೇಕು. ಹಳೆ ಮ್ಯಾಸಿ 35 ಥರ ಎರಡೂ ಕಡೆ ಒಂದೊಂದು ಡ್ರ್ಯಾಗ್ ಲಿಂಕ್ (ಡ್ರಾಪ್ ಆರ್ಮಿನಿಂದ ಚಕ್ರದ ಕಡೆಗೆ ಹೋಗುವ ಸರಳು) ಇದ್ದರೆ ಮಾತ್ರ ಈ ಲೆಕ್ಕ ಬೇರೆ.

ಇನ್ನೊಂದು, ಆಕ್ಸಲ್ ಎರಡೂ ಕಡೆ ಒಂದೇ ಸಂಖ್ಯೆಯ ತೂತಿನಲ್ಲಿ ಬೋಲ್ಟ್ ಆಗಿದೆಯಾ ಎಣಿಸಿ. ನಮ್ಮ ಕಡೆ ಎಡೆಕುಂಟೆ ಹೊಡೆಯಲು ಸಾಲಿಗೆ ತಕ್ಕಂತೆ ಚಕ್ರ ಅಗಲ ಮಾಡುತ್ತೇವೆ, ಆಗ ಎಷ್ಟೋ ಸಲ ತಪ್ಪುತ್ತದೆ.

ಮಲೇಬೆನ್ನೂರು ರೈತ:
ನಿನ್ನೆ ತಮ್ಮನ ಜೊತೆ ಇಡೀ ದಿನ ಕೂತು ನೋಡಿದೆ. ಬಲಗಡೆ ಕಿಂಗ್ ಪಿನ್ ಬುಷ್ ಪೂರ್ತಿ ಹೋಗಿದೆ. ಪಿನ್ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಸವೆದು ಕುಳಿ ಬಿದ್ದಿದೆ, ಗ್ರೀಸ್ ಹೊಡೆಯುವ ನಿಪ್ಪಲ್ ಒಳಗೆ ಒಣ ಮಣ್ಣು ಕಲ್ಲಿನ ಹಾಗೆ ಕೂತಿತ್ತು. ಟೈ ರಾಡ್ ಎಂಡ್ ಒಂದು ಲೂಸ್. ತೂತು ಎಣಿಸಿದೆ. ಎಡಕ್ಕೆ ಮೂರನೆಯದು, ಬಲಕ್ಕೆ ಎರಡನೆಯದು! ಇಷ್ಟು ವರ್ಷ ಯಾರೂ ನೋಡಿಲ್ಲ. ಅಳತೆ ಮುಂದೆ 18 ಮಿ.ಮೀ. ಕಮ್ಮಿ ಬಂತು. ಪಿನ್, ಬುಷ್, ಎಂಡ್ ಎಲ್ಲ ತರುತ್ತೇನೆ. ಹಳೇ ಎಂಡನ್ನೇ ವೆಲ್ಡಿಂಗ್ ಮಾಡಿಸಿ ಅಂತ ಒಬ್ಬರು ಹೇಳಿದರು, ಹಾಗೆ ಮಾಡಬಹುದಾ?

ಹಿರಿಯೂರು ಸ್ಪ್ಯಾನರ್:
ಬೇಡವೇ ಬೇಡ. ಸ್ಟೇರಿಂಗ್‌ಗೆ ಸೇರಿದ ಯಾವುದಕ್ಕೂ ವೆಲ್ಡಿಂಗ್ ಬೇಡ. ರಸ್ತೆಯಲ್ಲಿ ಅದು ಕಿತ್ತರೆ ಒಂದೊಂದು ಚಕ್ರ ಒಂದೊಂದು ದಿಕ್ಕಿಗೆ ತಿರುಗುತ್ತದೆ. ಹೊಸ ಬುಷ್ ಕೂರಿಸಿದ ಮೇಲೆ ಲೇತ್‌ನಲ್ಲಿ ಪಿನ್ ಅಳತೆಗೆ ರೀಮರ್ (ತೂತು ನುಣ್ಣಗೆ ಅಳತೆಗೆ ತರುವ ಉಪಕರಣ) ಹಾಕಿಸಿ, ಸುತ್ತಿಗೆಯಲ್ಲಿ ಬಡಿದು ಪಿನ್ ತೂರಿಸಬೇಡಿ. ಆಕ್ಸಲ್ ಬೋಲ್ಟ್ ಎರಡೂ ಕಡೆ ಒಂದೇ ಸಂಖ್ಯೆಯ ತೂತಿಗೆ ಹಾಕಿ, ಡ್ರಾಪ್ ಆರ್ಮ್ ನಡುವೆ ಇಟ್ಟು, ಆಮೇಲೆ ಟೈ ರಾಡ್ ಅಳತೆ. ಸ್ಪ್ಲಿಟ್ ಪಿನ್ ಎಲ್ಲ ಹೊಸದು ಹಾಕಿ. ಇಷ್ಟಾದ ಮೇಲೂ ಸ್ಟೇರಿಂಗ್ ಲೂಸ್ ಉಳಿದರೆ ಬಾಕ್ಸ್ ಆಯಿಲ್ ನೋಡಿ ಇಲ್ಲಿ ಬರೆಯಿರಿ.

ಮಲೇಬೆನ್ನೂರು ರೈತ:
ಆಯಿತು ಅಣ್ಣ. ಭಾನುವಾರ ಹರಿಹರದ ಲೇತ್‌ಗೆ ಒಯ್ಯುತ್ತೇನೆ. ಅಲ್ಲಿಯ ತನಕ ಭತ್ತ ಪಕ್ಕದ ಮನೆಯವರ ಗಾಡಿಯಲ್ಲಿ ಹೋಗಲಿ.