ದಿನನಿತ್ಯದ ಕಷ್ಟಗಳಲ್ಲಿ ಸತ್ಯವೇದವನ್ನು ಓದುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ವಂದನೆಗಳು. ಕೆಲಸ ಹೋದ ಮೇಲೆ ಮನೆಯಲ್ಲಿ ಸಾಲದ ಚಿಂತೆ ಹೆಚ್ಚಾಗಿದೆ. ಇದರ ನಡುವೆ ತಂದೆಯವರ ಆಸ್ತಿಯ ಪಾಲಿನ ವಿಚಾರವಾಗಿ ತಮ್ಮನಿಗೂ ನನಗೂ ಮಾತು ನಿಂತುಹೋಗಿದೆ. ರಾತ್ರಿ ನಿದ್ದೆ ಬಾರದಿದ್ದಾಗ ಸತ್ಯವೇದವನ್ನು (ಬೈಬಲನ್ನು) ತೆರೆದು, ಮೊದಲು ಕಣ್ಣಿಗೆ ಬಿದ್ದ ವಚನವನ್ನೇ ನನಗಾಗಿ ಬಂದ ಮಾತೆಂದು ಓದುತ್ತೇನೆ. ಒಮ್ಮೆ ಧೈರ್ಯ ಬರುತ್ತದೆ, ಇನ್ನೊಮ್ಮೆ ವಂಶಾವಳಿಯೋ ಯುದ್ಧದ ವೃತ್ತಾಂತವೋ ಎದುರಾಗಿ ಏನೂ ತೋಚುವುದಿಲ್ಲ. ಬಂಧುಗಳೆಲ್ಲ ಯೆರೆಮೀಯ 29:11ನ್ನು, ಅಂದರೆ ನಿಮ್ಮ ವಿಷಯದಲ್ಲಿ ನನಗಿರುವುದು ಅಹಿತದ ಯೋಚನೆಗಳಲ್ಲ, ಹಿತದ ಯೋಚನೆಗಳೇ ಎಂದು ದೇವರು ಹೇಳುವ ವಚನವನ್ನು, ಕಳುಹಿಸುತ್ತಾರೆ. ಆ ವಾಗ್ದಾನವನ್ನು ನಾನು ಹೇಗೆ ಹಿಡಿದುಕೊಳ್ಳಬೇಕು?

ಉತ್ತರ 1

ಸಹೋದರಿ, ಕಣ್ಣಿಗೆ ಬಿದ್ದ ವಚನವೊಂದು ಬದುಕನ್ನೇ ತಿರುಗಿಸಿದ್ದುಂಟು. ಕ್ರಿ.ಶ. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಮುಂದೆ ಕ್ರೈಸ್ತ ಸಭೆಯ ದೊಡ್ಡ ಬೋಧಕರಾದ ಅಗಸ್ಟೀನರಿಗೆ, ಪೌಲನು ರೋಮಾಪುರದವರಿಗೆ ಬರೆದ ಪತ್ರದ ಮಾತುಗಳು ಹಾಗೆಯೇ ಒದಗಿದವು. ಆದರೆ ಅವರು ಆ ವೇಳೆಗಾಗಲೇ ಪೌಲನ ಪತ್ರಗಳನ್ನು ಓದುತ್ತಿದ್ದವರು ಎಂಬುದನ್ನು ನಾವು ಮರೆಯುತ್ತೇವೆ.

ನೀವು ಹೇಳಿದ ಯೆರೆಮೀಯನ ವಚನವನ್ನು ದಯವಿಟ್ಟು 28ನೆಯ ಅಧ್ಯಾಯದಿಂದ ಓದಿಕೊಂಡು ಬನ್ನಿ. ಕ್ರಿ.ಪೂ. 597ರಲ್ಲಿ ಬಾಬೆಲಿಗೆ ಸೆರೆ ಹೋದ ಯೆಹೂದ್ಯರು ಎರಡು ವರ್ಷದೊಳಗೆ ಹಿಂತಿರುಗುತ್ತಾರೆಂದು ಹನನ್ಯನೆಂಬ ಪ್ರವಾದಿ ಸಾರಿದನು. ಜನರಿಗೆ ಬೇಕಾಗಿದ್ದ ಮಾತು ಅದೇ ಆಗಿತ್ತು, ಆದರೆ ಅದು ಸುಳ್ಳಾಗಿತ್ತು. ಯೆರೆಮೀಯನಾದರೋ ಅವರಿಗೆ ಪತ್ರ ಬರೆದು, ಅಲ್ಲಿಯೇ ಮನೆ ಕಟ್ಟಿರಿ, ತೋಟ ಮಾಡಿರಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದನು. ಹತ್ತನೆಯ ವಚನದಲ್ಲಿ ಎಪ್ಪತ್ತು ವರ್ಷಗಳ ಮಾತು ಬರುತ್ತದೆ, ನಮಗೆಲ್ಲ ಪ್ರಿಯವಾದ ಹನ್ನೊಂದನೆಯದು ಬರುವುದು ಅದರ ನಂತರವೇ. ಹಾಗಾಗಿ ಅದು ಮುಂದಿನ ತಿಂಗಳೇ ಕೆಲಸ ಸಿಗುತ್ತದೆಂಬ ಭರವಸೆಯಲ್ಲ. ಕಾಯುವ ಕಾಲ ದೀರ್ಘವಾದರೂ ದೇವರು ಕೈಬಿಟ್ಟಿಲ್ಲವೆಂದೂ, ಆ ಕಾಲದಲ್ಲಿಯೂ ಮಾಡಬೇಕಾದ ಕೆಲಸಗಳಿವೆಯೆಂದೂ ಅದು ಹೇಳುತ್ತದೆ. ಸಾಲ ಕೊಟ್ಟವರೊಂದಿಗೆ ಕುಳಿತು ಕಂತುಗಳನ್ನು ಮರುನಿಗದಿ ಮಾಡಿಸಿಕೊಳ್ಳುವುದೂ ಅಂಥ ಕೆಲಸವೇ ಎಂದು ನಾನು ನಂಬುತ್ತೇನೆ.

ಉತ್ತರ 2

ಆಸ್ತಿಯ ವಿಚಾರಕ್ಕೆ ಲೂಕ 12:13ರಿಂದ ಓದಿರಿ. ಅಣ್ಣನಿಗೆ ಹೇಳಿ ತನಗೆ ಪಾಲು ಕೊಡಿಸಬೇಕೆಂದು ಒಬ್ಬನು ಕೇಳಿಕೊಂಡಾಗ, ತನ್ನನ್ನು ಪಾಲು ಮಾಡುವವನನ್ನಾಗಿ ನೇಮಿಸಿದವರು ಯಾರೆಂದು ಯೇಸು ಕೇಳಿ, ಲೋಭದ ಕುರಿತು ಎಚ್ಚರಿಸಿದನು. ಯಾರಿಗೆ ಎಷ್ಟು ಎಂಬುದನ್ನು ವಕೀಲರು ಮತ್ತು ದಾಖಲೆಗಳು ತೀರ್ಮಾನಿಸಲಿ. ಅದನ್ನು ವಚನದಲ್ಲಿ ಹುಡುಕಬೇಡಿ. ತಮ್ಮನೊಂದಿಗೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಮಾತ್ರ ಮತ್ತಾಯ 18:15 ಸ್ಪಷ್ಟವಾಗಿ ಹೇಳುತ್ತದೆ: ನೆಂಟರಿಗೆ ದೂರು ಹೇಳುವ ಮೊದಲು, ಇಬ್ಬರೇ ಇರುವಾಗ ಹೋಗಿ ಮಾತನಾಡಬೇಕು. ಹಾಗೆ ಹೋಗುವುದು ಎಷ್ಟು ಕಷ್ಟವೆಂದು ಬಲ್ಲೆ, ಆದರೂ ಅದನ್ನೇ ಮೊದಲು ಮಾಡಬೇಕೆಂದು ಹೇಳುತ್ತೇನೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಹನನ್ಯನ ಪ್ರಸಂಗ ನನಗೆ ತಿಳಿದಿರಲಿಲ್ಲ. ತಮ್ಮನಿಗೆ ಫೋನ್ ಮಾಡುವ ಬದಲು ನಾನೇ ಹೋಗುತ್ತೇನೆ. ಆದರೆ ಓದಲು ಮನಸ್ಸೇ ಇಲ್ಲದ ರಾತ್ರಿಗಳಲ್ಲಿ ಏನು ಮಾಡಲಿ?

ಉತ್ತರ 3

ಅಂಥ ರಾತ್ರಿಗಳಲ್ಲಿ ಕೀರ್ತನೆ 88 ಒಂದೇ ಸಾಕು. ಅದು ಕತ್ತಲೆಯ ಮಾತಿನಲ್ಲಿಯೇ ಮುಗಿಯುತ್ತದೆ, ಕೊನೆಯಲ್ಲಿ ಸ್ತುತಿಯ ಸಾಲು ಬರುವುದಿಲ್ಲ. ಆದರೂ ಅದು ಪ್ರಾರ್ಥನೆಯೇ. ಓದಲಾಗದಿದ್ದರೆ ಮಲಗಿಬಿಡಿ. ಸಾವನ್ನೇ ಕೇಳಿಕೊಂಡು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ರೊಟ್ಟಿಯನ್ನೂ ನೀರನ್ನೂ ಕೊಟ್ಟನು, ಉಂಡು ಮತ್ತೆ ಮಲಗಿದವನನ್ನು ಎರಡನೆಯ ಬಾರಿ ಎಬ್ಬಿಸಿ ತಿನ್ನಲು ಹೇಳಿದನು. ದೇವರು ಮಾತನಾಡಿದ್ದು ಆಮೇಲೆ. ನಿದ್ದೆಯಿಲ್ಲದ ಸ್ಥಿತಿ ಹೀಗೆಯೇ ಮುಂದುವರಿದರೆ ವೈದ್ಯರನ್ನು ಕಾಣಲು ಹಿಂಜರಿಯಬೇಡಿ. ಅದನ್ನು ವಿಶ್ವಾಸದ ಕೊರತೆ ಎಂದು ಯಾರು ಹೇಳಿದರೂ ಒಪ್ಪಿಕೊಳ್ಳಬೇಡಿ.