ಅಪ್‌ಡೇಟ್: ಬೀದರ್ ಕೋಟೆಯ ರಂಗೀನ್ ಮಹಲ್ ಒಳಗೆ ನೋಡಿ ಬಂದೆವು

ಕಲಬುರಗಿಯಿಂದ ಅಮ್ಮನನ್ನು ಕರೆದುಕೊಂಡು ಬೀದರ್ ಕೋಟೆಗೆ ಹೋಗಬೇಕು, ಅವರಿಗೆ ಮಂಡಿನೋವು, ರಂಗೀನ್ ಮಹಲ್ ಒಳಗೆ ಬಿಡ್ತಾರಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್. ಹೋಗಿ ಬಂದೆವು.

ಮಹಲಿಗೆ ಬೀಗ ಇತ್ತು. ನೀವು ಹೇಳಿದ ಹಾಗೆ ಅಲ್ಲಿನ ಸಿಬ್ಬಂದಿಯನ್ನು ಕೇಳಿದೆ. ಒಬ್ಬರು ಬಂದು ತೆಗೆದು, ನಿಧಾನವಾಗಿ ತೋರಿಸಿದರು.

ಒಳಗೆ ಕೆತ್ತನೆಯ ಮರದ ಕಂಬಗಳಿವೆ. ಮುಂದಿನ ಕೋಣೆಯ ಬಾಗಿಲ ಸುತ್ತ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಬಳ್ಳಿ, ಹೂವು, ಅಕ್ಷರ ಎಲ್ಲಾ ಚಿಪ್ಪಿನದೇ. ಬೆಳಕು ಬಿದ್ದ ಕಡೆ ಬಣ್ಣ ಬದಲಾಗುತ್ತದೆ. ಬಹಮನಿಗಳ ನಂತರ ಬೀದರ್ ಆಳಿದ ಬರೀದ್ ಶಾಹಿ ಮನೆತನದ ದೊರೆ ಅಲಿ ಬರೀದ್ 16ನೇ ಶತಮಾನದಲ್ಲಿ ಮಾಡಿಸಿದ ಅಲಂಕಾರ ಇದು. ಕಪ್ಪಿನ ಮೇಲೆ ಬಿಳಿ ಹೊಳಪು ನೋಡಿ ಅಮ್ಮ, 'ಬಿದರಿ ಹೂಜಿ ಇದ್ದಂಗದ ನೋಡು' ಅಂದರು. ನಿಜ ಅಲ್ವಾ! ಬೀದರಿನ ಬಿದರಿ ಕಲೆಯಲ್ಲೂ ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸಿರ್ತಾರೆ. ಬಿದರಿ ಸಾಮಾನು ಕಪ್ಪಾಗೋಕೆ ಬಳಸುವ ಮಣ್ಣೂ ಇದೇ ಕೋಟೆಯದು. ಚಿಪ್ಪು ಕಿತ್ತುಹೋದ ಜಾಗ ನೋಡಿ ಹೊಟ್ಟೆ ಉರಿಯಿತು. ದಯವಿಟ್ಟು ಯಾರೂ ಗೋಡೆ ಮುಟ್ಟಬೇಡಿ.

ಹತ್ತಿರದಲ್ಲೇ ಸೋಲಾ ಖಂಬಾ ಮಸೀದಿ. ಹಳೇ ಸ್ನಾನಗೃಹದಲ್ಲಿ ಮ್ಯೂಸಿಯಂ ಇದೆ. ಎರಡನ್ನೂ ಬೇಗ ನೋಡಿದೆವು.

ತಖ್ತ್ ಮಹಲ್ ಮಾತ್ರ ಬಿಡಬೇಡಿ. ಬಹಮನಿ ಸುಲ್ತಾನರ ಸಿಂಹಾಸನ ಇದ್ದ ಅರಮನೆ. ಛಾವಣಿ ಇಲ್ಲ, ಆದರೂ ಎತ್ತರದ ಕಮಾನು, ಅದರ ಮೇಲಿನ ಹುಲಿ ಮತ್ತು ಸೂರ್ಯನ ಚಿತ್ರ ಈಗಲೂ ಕಾಣುತ್ತವೆ.

ಮಂಡಿನೋವು ಇರೋರಿಗೆ: ರಂಗೀನ್ ಮಹಲ್ ಸುತ್ತಮುತ್ತ ಮೆಲ್ಲಗೆ ಓಡಾಡಬಹುದು. ತಖ್ತ್ ಮಹಲಿಗೆ ಇನ್ನೂ ಒಳಗೆ ಹೋಗಬೇಕು, ನೆರಳು ಕಡಿಮೆ. ಬೆಳಿಗ್ಗೆನೇ ಹೋಗಿ, ನೀರು ಜಾಸ್ತಿ ಇಟ್ಟುಕೊಳ್ಳಿ.